‘ಯಾಕೆ’ ಎಂದರೆ ಮಕ್ಕಳು ರಬ್ಬರ್ ಹುಡುಕುವುದೇಕೆ?

ಪತ್ರ: ಮದ್ದೂರು ತಾಲ್ಲೂಕಿನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಐದನೇ ತರಗತಿಯ ಮಕ್ಕಳು ವಾಕ್ಯರೂಪದ ಲೆಕ್ಕಗಳಿಗೆ ಉತ್ತರವನ್ನೇನೋ ತರುತ್ತಾರೆ. ‘ಯಾಕೆ ಭಾಗಿಸಿದೆ?’ ಎಂದರೆ ಸುಮ್ಮನಾಗುತ್ತಾರೆ, ಇಲ್ಲವೇ ಬರೆದದ್ದನ್ನೇ ಅಳಿಸುತ್ತಾರೆ. 36 ಮಕ್ಕಳು, 40 ನಿಮಿಷದ ಪೀರಿಯಡ್ಡು. ವಿವರಣೆ ಬರೆಸಲು ಸಮಯ ಎಲ್ಲಿಂದ ತರಲಿ?”

ಸಂಪಾದಕರ ಉತ್ತರ: ಮೇಡಂ, ಮೊದಲು ಅಳಿಸುವ ವಿಚಾರ. ತರಗತಿಯಲ್ಲಿ ‘ಯಾಕೆ’ ಎಂಬ ಮಾತು ಬರುವುದೇ ಹೆಚ್ಚಾಗಿ ಉತ್ತರ ತಪ್ಪಿದಾಗ. ಹಾಗಾಗಿ ಮಕ್ಕಳ ಕಿವಿಗೆ ಅದು ‘ತಪ್ಪು’ ಎಂದೇ ಬೀಳುತ್ತದೆ. ಎರಡು ವಾರ ಸರಿ ಉತ್ತರಗಳಿಗೇ ಹೆಚ್ಚು ಸಲ ‘ಯಾಕೆ’ ಕೇಳಿ. ಸರಿಯೋ ತಪ್ಪೋ ನಿಮ್ಮ ಮುಖ ನೋಡಿ ತಿಳಿಯದಂತಿರಲಿ. ಆ ಅವಧಿಗೆ ರಬ್ಬರ್ ಬೇಡ. ತಪ್ಪಿದ್ದಕ್ಕೆ ಒಂದು ಗೆರೆ ಸಾಕು.

ಸುಮ್ಮನಾಗುವುದಕ್ಕೆ ಕಾರಣ ಬೇರೆ. ‘ಒಟ್ಟು ಅಂದ್ರೆ ಕೂಡು, ಉಳಿದದ್ದು ಅಂದ್ರೆ ಕಳೆ’ ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಈ ಲೆಕ್ಕ ಕೊಟ್ಟು ನೋಡಿ: ‘ಸಂತೆಗೆ ತಂದ ಎಳನೀರಿನಲ್ಲಿ 38 ಮಾರಿದ ಮೇಲೆ 24 ಉಳಿದವು. ತಂದದ್ದು ಎಷ್ಟು?’ ‘ಉಳಿದವು’ ಕಂಡದ್ದೇ ತಡ, ಹಲವರು 14 ಎಂದು ಬರೆಯುತ್ತಾರೆ. ಮಾರಿದ್ದೇ 38 ಇರುವಾಗ ತಂದದ್ದು 14 ಆಗುವುದು ಹೇಗೆ ಎಂದು ಯಾರಿಗೂ ಹೊಳೆಯುವುದಿಲ್ಲ. ಇದು ನಮ್ಮ ಮಕ್ಕಳ ಕಥೆ ಮಾತ್ರವಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ, ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ನನ ವಯಸ್ಸೆಷ್ಟು ಎಂದು ಕೇಳಿದರೆ, ಹೆಚ್ಚಿನವರು ಆ ಸಂಖ್ಯೆಗಳಿಂದಲೇ ಏನೋ ಲೆಕ್ಕ ಮಾಡಿ ಒಂದು ವಯಸ್ಸು ಹೇಳಿದ್ದರು.

ಹಾಗಾಗಿ ಕೆಲವು ದಿನ ಲೆಕ್ಕ ಮಾಡಿಸಲೇಬೇಡಿ. ಲೆಕ್ಕ ಓದಿಸಿ, ಪುಸ್ತಕ ಮುಚ್ಚಿಸಿ, ಏನು ನಡೆಯಿತು ಎಂದು ಸಂಖ್ಯೆ ಬಿಟ್ಟು ಹೇಳಿಸಿ: “ತಂದ್ರು, ಒಂದಷ್ಟು ಮಾರಿದ್ರು, ಒಂದಷ್ಟು ಮಿಕ್ತು.” ಇಷ್ಟು ಹೇಳಿದ ಮಗುವಿಗೆ ಮಾರಿದ್ದೂ ಮಿಕ್ಕಿದ್ದೂ ಸೇರಿದರೆ ತಂದದ್ದು ಎಂಬುದು ತಾನಾಗೇ ಕಾಣುತ್ತದೆ.

ಆಮೇಲೆ ಬರವಣಿಗೆ. ಇದಕ್ಕೆ ಶೇಷ ಉಳಿಯುವ ಭಾಗಾಕಾರಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. 125 ಅಚ್ಚು ಬೆಲ್ಲ, ಪೆಟ್ಟಿಗೆಗೆ 12. ಭಾಗಲಬ್ಧ 10, ಶೇಷ 5. ಈಗ ಮೂರು ಪ್ರಶ್ನೆ: ತುಂಬಿದ ಪೆಟ್ಟಿಗೆ ಎಷ್ಟು? ಎಲ್ಲ ಬೆಲ್ಲಕ್ಕೂ ಎಷ್ಟು ಪೆಟ್ಟಿಗೆ ಬೇಕು? ತುಂಬಿದ ಪೆಟ್ಟಿಗೆಗಳನ್ನಷ್ಟೇ ಮಾರಿದರೆ ಎಷ್ಟು ಅಚ್ಚು ಮನೆಯಲ್ಲಿ ಉಳಿಯುತ್ತದೆ? ಭಾಗಾಕಾರ ಒಂದೇ, ಉತ್ತರ 10, 11, 5. ಇಲ್ಲಿ ಕಾರಣ ಹೇಳದೆ ದಾರಿಯಿಲ್ಲ.

ಮಕ್ಕಳು ಮೊದಲು ಬರೆಯುವುದು ಹೀಗೆ: “125ನ್ನು 12ರಿಂದ ಭಾಗಿಸಿದೆ. ಆಮೇಲೆ 1 ಕೂಡಿದೆ.” ಇದು ವರದಿ, ಕಾರಣವಲ್ಲ. “1 ಕೂಡದಿದ್ದರೆ ಏನಾಗ್ತಿತ್ತು?” ಎಂದು ಕೇಳಿ. “5 ಅಚ್ಚಿಗೆ ಜಾಗ ಇರ್ತಿರ್ಲಿಲ್ಲ, ಅದಕ್ಕೇ ಇನ್ನೊಂದು ಪೆಟ್ಟಿಗೆ” ಎಂದರೆ ಅದನ್ನೇ, ಆಡುಮಾತಿನಲ್ಲೇ ಬರೆಯಲಿ. ಕಾಗುಣಿತ ತಿದ್ದಲು ಕೂತಿರೋ, ಮರುದಿನದಿಂದ ಮೂರು ಪದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಸಮಯದ ಮಾತು. ಪ್ರತಿ ಲೆಕ್ಕಕ್ಕೂ ವಿವರಣೆ ಬೇಡ. ದಿನಕ್ಕೆ ಒಂದು, ಅದಕ್ಕೆ ಹತ್ತು ನಿಮಿಷ. ಪುಟದ ನಡುವೆ ಗೆರೆ ಎಳೆಸಿ, ಎಡಕ್ಕೆ ಲೆಕ್ಕ, ಬಲಕ್ಕೆ ‘ಯಾಕಂದ್ರೆ’ ಎಂದು ಶುರುವಾಗುವ ಎರಡೇ ವಾಕ್ಯ. ಪಕ್ಕದವರಿಗೆ ಬಾಯಲ್ಲಿ ಹೇಳಿದ ಮೇಲೇ ಬರೆಯಲಿ. ದಿನಕ್ಕೆ ಆರೇ ನೋಟ್‌ಬುಕ್ ನೋಡಿದರೂ ಆರು ದಿನಕ್ಕೆ 36 ಮುಗಿಯಿತು.

ನೋಡುವಾಗ ಸಮಚಿಹ್ನೆಯ ಮೇಲೊಂದು ಕಣ್ಣಿಡಿ. ಎಳನೀರು ಒಂದಕ್ಕೆ 30 ರೂಪಾಯಿ ಎಂದಾಗ ‘38 + 24 = 62 × 30 = 1860’ ಎಂದು ಸರಪಳಿ ಹೆಣೆಯುತ್ತಾರೆ. 38 + 24 ಎಂದಿಗೂ 1860 ಆಗದು. ‘ತಂದ ಎಳನೀರು = 38 + 24 = 62’, ಕೆಳಗಿನ ಸಾಲಿನಲ್ಲಿ ‘ಅವುಗಳ ಬೆಲೆ = 62 × 30 = 1860 ರೂಪಾಯಿ’. ಪ್ರತಿ ಸಂಖ್ಯೆಗೂ ಹೀಗೆ ಹೆಸರು ಕೊಟ್ಟರೆ ಅರ್ಧ ವಿವರಣೆ ಅಲ್ಲೇ ಆಯಿತು.

ಕಿರುಪರೀಕ್ಷೆಯಲ್ಲಿ 5 ಅಂಕದ ಲೆಕ್ಕಕ್ಕೆ ಕಾರಣಕ್ಕೆ 2, ಲೆಕ್ಕಕ್ಕೆ 1, ಏಕಮಾನ ಸಮೇತ ಉತ್ತರಕ್ಕೆ 1, ಉತ್ತರ ತಾಳೆ ನೋಡಿದ್ದಕ್ಕೆ 1 ಎಂದು ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ಮಗ್ಗಿ ತಪ್ಪಿ ಉತ್ತರ ಕೆಟ್ಟಿದ್ದರೂ ಕಾರಣದ 2 ಅಂಕ ಕೊಡಿ. ಬರೀ 11 ಎಂದು ಬರೆದಿಟ್ಟವರನ್ನು ಹತ್ತಿರ ಕರೆದು, “ಪೆಟ್ಟಿಗೆಗೆ 25 ಆದರೆ?” ಎಂದು ಕೇಳಿ. ಶೇಷವೇ ಇಲ್ಲದೆ ಐದು ಪೆಟ್ಟಿಗೆ ಸಾಕಾದರೂ ಆರು ಎಂದರೆ ನೀವು ‘1 ಕೂಡು’ ಎಂಬ ಇನ್ನೊಂದು ಸೂತ್ರವನ್ನೇ ಕಲಿಸಿದ್ದೀರಿ. ಪೆಟ್ಟಿಗೆ, ಬೆಲ್ಲದಿಂದ ಮತ್ತೆ ಶುರು ಮಾಡಬೇಕಾಗುತ್ತದೆ.