ಯುದ್ಧದ ನಡುವೆಯೇ ಬಾಗಿಲು ತೆರೆದ ಆ್ಯಂಡೋವರ್ ಶಾಲೆ

ಅಮೆರಿಕದ ಸ್ವಾತಂತ್ರ್ಯ ಸಮರದ ವರ್ಷಗಳಲ್ಲಿ ಸಣ್ಣ ಊರುಗಳ ಖಾಸಗಿ ಶಾಲೆಗಳೆಲ್ಲ ಮುಚ್ಚಿಹೋಗಿದ್ದವೇ ಎಂದು ಕೇಳಿದ್ದೀರಿ. ಎಲ್ಲವೂ ಅಲ್ಲ, ಒಂದು ಶಾಲೆಯಂತೂ ಹುಟ್ಟಿದ್ದೇ ಆಗ. ಬಾಸ್ಟನ್ ನಗರದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರವಿರುವ ಆ್ಯಂಡೋವರ್‌ನ ಫಿಲಿಪ್ಸ್ ಅಕಾಡೆಮಿ ಅದು. ಆ ಕಾಲದ ಶಾಲೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಇದನ್ನು ಕಟ್ಟಿದ ಸ್ಯಾಮ್ಯುಯೆಲ್ ಫಿಲಿಪ್ಸ್ ಅದೇ ಹೊತ್ತಿನಲ್ಲಿ ಸೈನ್ಯಕ್ಕಾಗಿ ಕೋವಿಮದ್ದನ್ನೂ ತಯಾರಿಸುತ್ತಿದ್ದ.

1775ರಲ್ಲಿ ಬಾಸ್ಟನ್ ಬಳಿ ಬ್ರಿಟಿಷರೊಂದಿಗೆ ನಡೆದ ಬಂಕರ್ ಹಿಲ್ ಕಾಳಗದಲ್ಲಿ ಅಮೆರಿಕನ್ನರು ಹಿಮ್ಮೆಟ್ಟಿದ್ದಕ್ಕೆ ಕೋವಿಮದ್ದು ತೀರಿದ್ದೇ ದೊಡ್ಡ ಕಾರಣ. ಮರುವರ್ಷ ಫಿಲಿಪ್ಸ್ ಶಾಶೀನ್ ಹೊಳೆಯ ದಂಡೆಯಲ್ಲಿ ಮದ್ದಿನ ಕಾರ್ಖಾನೆ ಹಾಕಿದ. ಮದ್ದಿಗೆ ಬೇಕಾದ ಮುಖ್ಯ ವಸ್ತುವಾದ ಪೆಟ್ಲುಪ್ಪು ತಯಾರಿಸಲು ನೆರವಾದವನು ಅವನ ಜೊತೆಯಲ್ಲಿ ಓದಿದ್ದ ಎಲಿಫಲೆಟ್ ಪಿಯರ್ಸನ್. 1778ರ ಏಪ್ರಿಲ್ 30ರಂದು, ಹಿಂದೆ ಬಡಗಿಯೊಬ್ಬನ ಕೆಲಸದ ಮನೆಯಾಗಿದ್ದ ಕಟ್ಟಡದಲ್ಲಿ 13 ಹುಡುಗರೊಂದಿಗೆ ಶಾಲೆ ಶುರುವಾದಾಗ ಮೊದಲ ಮುಖ್ಯೋಪಾಧ್ಯಾಯನಾದವನೂ ಈ ಪಿಯರ್ಸನ್ನನೇ. ಹಣ ಮತ್ತು ಜಮೀನು ಕೊಟ್ಟವರು ಫಿಲಿಪ್ಸ್‌ನ ತಂದೆ ಮತ್ತು ಚಿಕ್ಕಪ್ಪ ಜಾನ್. ಈ ಜಾನ್ 1781ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಎಕ್ಸೆಟರ್‌ನಲ್ಲಿ ತನ್ನದೇ ಅಕಾಡೆಮಿ ಸ್ಥಾಪಿಸಿದ.

ಮೊದಲ ವರ್ಷದ ತರಗತಿಯನ್ನು ಊಹಿಸಿಕೊಳ್ಳಿ. ಜೋಸಾಯ ಕ್ವಿನ್ಸಿಗೆ ಆಗ ಆರು ವರ್ಷ. ಇಂಗ್ಲೆಂಡಿನಿಂದ ಮರಳುವಾಗ ಹಡಗಿನಲ್ಲೇ ತೀರಿಕೊಂಡಿದ್ದ ಹೋರಾಟಗಾರನೊಬ್ಬನ ಮಗ. ಅದೇ ತರಗತಿಯಲ್ಲಿ ಮೂವತ್ತರ ಹತ್ತಿರದ ಗಂಡಸೊಬ್ಬನೂ ಇದ್ದ. ಗಟ್ಟಿ ಬೆಂಚಿನ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕುಳಿತು, ಅರ್ಥವಾಗದ ಲ್ಯಾಟಿನ್ ವ್ಯಾಕರಣವನ್ನು ಮಗು ಉರು ಹೊಡೆಯಬೇಕಿತ್ತು. ಮುಂದೆ ಹಾರ್ವರ್ಡ್‌ನ ಅಧ್ಯಕ್ಷನಾದ ಕ್ವಿನ್ಸಿ ಈ ಕಷ್ಟವನ್ನು ಮರೆಯಲಿಲ್ಲ. ಶಿಸ್ತಿನ ಹೆಸರಿನಲ್ಲಿ ಮಗುವಿನ ಮೇಲೆ ಅಷ್ಟು ಭಾರ ಹೇರಿದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಆದರೂ ಶಾಲೆಯ ಸ್ಥಾಪನಾ ಪತ್ರದ ಒಂದು ಮಾತನ್ನು ನಾನು ಎಂದೂ ಕಡೆಗಣಿಸಲಾರೆ: ಜ್ಞಾನವಿಲ್ಲದ ಒಳ್ಳೆಯತನ ದುರ್ಬಲ, ಒಳ್ಳೆಯತನವಿಲ್ಲದ ಜ್ಞಾನ ಅಪಾಯಕಾರಿ. ಮದ್ದು ತಯಾರಿಸುವವನ ಶಾಲೆಯಿಂದ ಬಂದ ಮಾತಿದು. ಶಾಲೆ ಶುರುವಾದ ವರ್ಷವೇ ಅವನ ಕಾರ್ಖಾನೆ ಸಿಡಿದು ಕೆಲಸಗಾರರು ಸತ್ತರು.

ಯುದ್ಧ ಮುಗಿದ ಮೇಲೆ, 1789ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಆ್ಯಂಡೋವರ್‌ಗೆ ಬಂದಿದ್ದ. ಅವನ ಕುಟುಂಬದ ಹುಡುಗರೂ ಇಲ್ಲಿ ಓದಿದರು. ಎಲ್ಲ ದಿಕ್ಕುಗಳಿಂದ ಬರುವ ಯುವಕರಿಗೂ ಶಾಲೆ ತೆರೆದಿರಬೇಕೆಂಬ ಆಶಯ ಸ್ಥಾಪನಾ ಪತ್ರದಲ್ಲೇ ಇತ್ತು. ಹುಡುಗಿಯರಿಗೆ ಮಾತ್ರ ಆ ಬಾಗಿಲು ತೆರೆದದ್ದು 1973ರಲ್ಲಿ, ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಾದ ಅಬಟ್ ಅಕಾಡೆಮಿ ಇದರೊಂದಿಗೆ ವಿಲೀನವಾದಾಗ.