ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಎಷ್ಟು ಹೋಂವರ್ಕ್ ಇರಬೇಕು?

ಒಂದು, ಎರಡನೇ ಕ್ಲಾಸಿಗೆ ಬೇಡವೇ ಬೇಡ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಅಂದರೆ ದಿನಕ್ಕೆ ಇಪ್ಪತ್ತು ನಿಮಿಷದ ಆಸುಪಾಸು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲೇ ಹೀಗಿದೆ. ಪಾಲಿಸುವ ಶಾಲೆ ಎಷ್ಟಿವೆ ಅನ್ನೋದು ಬೇರೆ ಮಾತು ಬಿಡಿ.

ಯಾಕೆ ಇಷ್ಟು ಕಡಿಮೆ? ಚಿಕ್ಕ ಮಕ್ಕಳ ಗಮನ ಬೇಗ ಹಾರಿಹೋಗುತ್ತದೆ. ಹನ್ನೆರಡರ ಮಗ್ಗಿ ಹತ್ತು ಸಲ ಬರಿ ಅಂದರೆ, ಮೂರನೇ ಸಲಕ್ಕೆ ಮಗು ಮೊದಲು 12, 12, 12 ಅಂತ ಮೇಲಿಂದ ಕೆಳಗೆ ಗೀಚಿ, ಆಮೇಲೆ ಗುಣಿಸುವ ಚಿಹ್ನೆಗಳನ್ನೆಲ್ಲ ಒಟ್ಟಿಗೆ ಹಾಕಿ ಮುಗಿಸುತ್ತದೆ. ಕೈ ಓಡುತ್ತದೆ, ತಲೆ ಓಡುವುದಿಲ್ಲ. ಅದರ ಬದಲು ಪುಸ್ತಕ ಮುಚ್ಚಿ ಒಂದು ಸಲ ಹೇಳಿಸಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ನೆನಪು ಮಾಡಿಕೊಂಡು ಹೇಳಿದ್ದು ಜಾಸ್ತಿ ದಿನ ಉಳಿಯುತ್ತದೆ. ಇನ್ನು ಥರ್ಮಕೋಲ್ ಪ್ರಾಜೆಕ್ಟ್ ಕೊಟ್ಟರೆ, ರಾತ್ರಿ ಹತ್ತಕ್ಕೆ ಫೆವಿಕಾಲ್ ಹಚ್ಚುವುದು ಅಮ್ಮನೇ ಅಲ್ವಾ?