ಬೇಸ್‌ಬಾಲ್ ತಂಡವೊಂದರ ಕಟ್ಟಾ ಅಭಿಮಾನಿಯಾಗಿರುವುದು ಅಷ್ಟೊಂದು ಸಂಕಟದ ಕೆಲಸವೇ?

ಕ್ರಿಕೆಟ್ಟಿನ ಸೋಲುಗಳನ್ನು ಕಂಡೇ ಬೆಳೆದವರಿಗೆ ಬೇಸ್‌ಬಾಲ್ ಅಭಿಮಾನಿಗಳ ಗೋಳು ಅತಿಯೆನಿಸುತ್ತದೆ, ಅದರಲ್ಲಿ ಅಂಥ ವಿಶೇಷವೇನಿದೆ ಎಂದು ನೀವು ಕೇಳಿದ್ದೀರಿ. ನಾನು ಸಿಯಾಟಲ್ ಪಕ್ಕದ ಊರೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬಹಳ ವರ್ಷಗಳಿಂದ ಇಲ್ಲಿಯ ಮ್ಯಾರಿನರ್ಸ್ ತಂಡವನ್ನೇ ನೆಚ್ಚಿಕೊಂಡು ಬಂದಿರುವುದರಿಂದ ಆ ಒಂದು ತಂಡದ ಮಾತನ್ನಷ್ಟೇ ಹೇಳುತ್ತೇನೆ. 1977ರಲ್ಲಿ ಆಡಲು ಆರಂಭಿಸಿದ ಈ ತಂಡ 2025ರ ಕೊನೆಯವರೆಗೂ ಒಂದು ಸಲವೂ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್ ತಲುಪಿರಲಿಲ್ಲ. ಮೇಜರ್ ಲೀಗಿನ 30 ತಂಡಗಳಲ್ಲಿ ಇಂಥ ದಾಖಲೆ ಇರುವುದು ಇದೊಂದಕ್ಕೇ. ಕಪ್ ಗೆಲ್ಲುವುದು ಹಾಗಿರಲಿ, ಫೈನಲ್ ಮೆಟ್ಟಿಲನ್ನೂ ಹತ್ತಿಲ್ಲ.

ನಮ್ಮ ಆರ್‌ಸಿಬಿ 2008ರಿಂದ 2025ರವರೆಗೆ ಕಾಯಿಸಿದ್ದನ್ನು ನಾನೂ ಬಲ್ಲೆ. ಆದರೆ ಐಪಿಎಲ್ ಎರಡು ತಿಂಗಳ ಜಾತ್ರೆ. ಲೀಗ್ ಹಂತದಲ್ಲಿ ಒಂದು ತಂಡ ಆಡುವುದು 14 ಪಂದ್ಯ. ಬೇಸ್‌ಬಾಲ್‌ನಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, ಹೆಚ್ಚುಕಡಿಮೆ ದಿನಕ್ಕೊಂದರಂತೆ, 162 ಪಂದ್ಯಗಳಿರುತ್ತವೆ. ಚೆನ್ನಾಗಿ ಆಡಿದ ವರ್ಷದಲ್ಲೂ ಅರವತ್ತು ಎಪ್ಪತ್ತು ಸೋಲು ಇದ್ದದ್ದೇ ಆದ್ದರಿಂದ ಒಂದು ಸೋಲಿಗೆ ಯಾರೂ ಕಣ್ಣೀರು ಹಾಕುವುದಿಲ್ಲ. ನಾಳೆ ಇದೆಯಲ್ಲ ಎಂದು ಟಿವಿ ಆರಿಸಿ ಊಟಕ್ಕೆ ಏಳುತ್ತೇವೆ. ಆ ನಾಳೆಗಳೆಲ್ಲ ಮುಗಿದ ಮೇಲೆ ಸಂಕಟ ಶುರುವಾಗುತ್ತದೆ. 2021ರಲ್ಲಿ 90 ಪಂದ್ಯ ಗೆದ್ದ ತಂಡ ಕೊನೆಯ ದಿನ ಪ್ಲೇಆಫ್‌ನಿಂದ ಹೊರಬಿತ್ತು. 2023ರಲ್ಲಿ 88 ಗೆಲುವು, 2024ರಲ್ಲಿ 85. ಎರಡು ವರ್ಷವೂ ಒಂದೇ ಒಂದು ಗೆಲುವಿನಷ್ಟು ಹಿಂದೆ ಬಿದ್ದು ಪ್ಲೇಆಫ್ ತಪ್ಪಿಹೋಯಿತು. ಆಗ ನೋಡಿ, ಏಪ್ರಿಲ್‌ನ ಯಾವುದೋ ಮಂಗಳವಾರ ಅರ್ಧ ನಿದ್ದೆಯಲ್ಲಿ ನೋಡಿ ಮರೆತಿದ್ದ ಪಂದ್ಯವೊಂದು, ಕೈಗೆ ಬಂದ ಚೆಂಡನ್ನು ನಮ್ಮವನೊಬ್ಬ ಬಿಟ್ಟದ್ದು, ಎಲ್ಲವೂ ಇಸವಿ ತಾರೀಖು ಸಮೇತ ನೆನಪಿಗೆ ಬಂದು ಕಾಡತೊಡಗುತ್ತದೆ.

2023ರ ಆ ಸೋಲಿನ ಬೆನ್ನಿಗೇ ತಂಡದ ಆಡಳಿತದ ಮುಖ್ಯಸ್ಥರು, ದೀರ್ಘಾವಧಿಯಲ್ಲಿ ನೂರಕ್ಕೆ 54ರಷ್ಟು ಪಂದ್ಯಗಳನ್ನು ಗೆಲ್ಲುತ್ತ ಹೋಗುವುದೇ ಸರಿಯಾದ ಗುರಿ, ಹಾಗೆ ಮಾಡಿದರೆ ವರ್ಲ್ಡ್ ಸೀರೀಸ್ ಕೂಡ ಒದಗುತ್ತದೆ ಎಂಬರ್ಥದ ಮಾತನ್ನಾಡಿದರು. 162ರಲ್ಲಿ ನೂರಕ್ಕೆ 54 ಎಂದರೆ ಎಂಬತ್ತೇಳು ಎಂಬತ್ತೆಂಟು ಗೆಲುವು. ಆ ವರ್ಷ ನಾವು ಗೆದ್ದದ್ದು 88, ಮನೆಗೆ ಮರಳಿದ್ದೂ ಅದೇ 88ಕ್ಕೆ. ಸಂಖ್ಯಾಶಾಸ್ತ್ರದ ಪ್ರಕಾರ ಅವರ ವಾದ ಸರಿಯಿರಬಹುದು. ಆದರೆ ಹತ್ತು ವರ್ಷದ ಸರಾಸರಿಯನ್ನು ನೋಡಲೆಂದು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಸಣ್ಣ ಕಿರಿಕಿರಿಗಳೂ ಇವೆ. ಲೀಗಿನ ಆನ್‌ಲೈನ್ ಪ್ರಸಾರಕ್ಕೆ ಹಣ ಕಟ್ಟಿದ್ದರೂ, ಸ್ಥಳೀಯ ಕೇಬಲ್ ವಾಹಿನಿಯ ಹಕ್ಕಿನ ಕಾರಣ, ಸಿಯಾಟಲ್‌ನಲ್ಲಿದ್ದವರಿಗೆ ಸಿಯಾಟಲ್ ತಂಡದ ಪಂದ್ಯವೇ ಬಹುಕಾಲ ಕಾಣಿಸುತ್ತಿರಲಿಲ್ಲ. ಮೈಸೂರಿನಲ್ಲಿರುವ ನನ್ನ ತಮ್ಮ ಅದೇ ಚಂದಾ ಕಟ್ಟಿದ್ದರೆ ಬೆಳಗಿನ ತಿಂಡಿ ತಿನ್ನುತ್ತ ಆರಾಮವಾಗಿ ನೋಡಬಹುದಿತ್ತು!

ಇನ್ನು ಆಟಗಾರರ ವಿಷಯ. 2001ರಲ್ಲಿ ಈ ತಂಡ 116 ಪಂದ್ಯ ಗೆದ್ದು, 1906ರ ಶಿಕಾಗೋ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿ, ಅಷ್ಟೆಲ್ಲ ಆದ ಮೇಲೆ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು 4–1ರಿಂದ ಸರಣಿ ಸೋತಿತು. ಅನಂತರ 21 ವರ್ಷ ಪ್ಲೇಆಫ್‌ನ ಮುಖವನ್ನೇ ನೋಡಲಿಲ್ಲ. ನಮ್ಮ ಇಚಿರೊ ಸುಜುಕಿ ಒಂದೇ ಋತುವಿನಲ್ಲಿ 262 ಹಿಟ್‌ಗಳೊಂದಿಗೆ (ಚೆಂಡನ್ನು ಹೊಡೆದು ಬೇಸ್ ತಲುಪುವುದೇ ಹಿಟ್) 1920ರ ದಾಖಲೆಯನ್ನು ಮುರಿದ 2004ರಲ್ಲಿ ತಂಡ 99 ಪಂದ್ಯ ಸೋತಿತ್ತು. ನನಗೆ ಎಲ್ಲರಿಗಿಂತ ಹೆಚ್ಚು ಬೇಸರವಿರುವುದು ಫೆಲಿಕ್ಸ್ ಹರ್ನಾಂಡೆಸ್ ಕುರಿತು. 2010ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ, ಎಂದರೆ ಚೆಂಡು ಎಸೆಯುವವನಿಗೆ, ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದಾಗ ಅವನ ಹೆಸರಿನಲ್ಲಿದ್ದದ್ದು 13 ಗೆಲುವು, 12 ಸೋಲು. ಅವನು ರನ್ ಬಿಟ್ಟುಕೊಡುತ್ತಿರಲಿಲ್ಲ, ನಮ್ಮ ಬ್ಯಾಟರ್‌ಗಳು ಹೊಡೆಯುತ್ತಿರಲಿಲ್ಲ. ಅವನು ಎಸೆಯುವ ದಿನ ಎಡಮೂಲೆಯ ಆಸನಗಳಲ್ಲಿ ಹಳದಿ ಅಂಗಿ ತೊಟ್ಟವರೆಲ್ಲ ಒಟ್ಟಿಗೆ ಕೂತು, ಎದುರಾಳಿಗೆ ಎರಡು ಸ್ಟ್ರೈಕ್ ಆದೊಡನೆ ‘ಕೆ’ ಅಕ್ಷರದ ರಟ್ಟುಗಳನ್ನು ಎತ್ತಿ ಕೂಗುತ್ತಿದ್ದೆವು; ಮೂರನೆಯ ಸ್ಟ್ರೈಕಿಗೆ ಬ್ಯಾಟರ್ ಔಟ್, ಅದರ ಗುರುತೇ ‘ಕೆ’. ಹದಿನೈದು ಋತುಗಳು ಹೀಗೆ ಎಸೆದವನು ಪ್ಲೇಆಫ್‌ನಲ್ಲಿ ಒಂದೇ ಒಂದು ಚೆಂಡನ್ನೂ ಎಸೆಯದೆ, 2019ರ ಸೆಪ್ಟೆಂಬರ್‌ನಲ್ಲಿ ಕಣ್ಣೊರೆಸಿಕೊಳ್ಳುತ್ತ ಮೈದಾನ ಬಿಟ್ಟ.

ಈ ಲೀಗಿನ ಪಂದ್ಯ ಇಷ್ಟು ಹೊತ್ತಿಗೆ ಮುಗಿಯಬೇಕೆಂಬ ಹಂಗಿಲ್ಲ, ಡ್ರಾ ಎಂಬುದೂ ಸಾಮಾನ್ಯವಾಗಿ ಇಲ್ಲ. 2022ರ ಅಕ್ಟೋಬರ್ 15ರಂದು, 21 ವರ್ಷಗಳ ಬಳಿಕ ಸಿಯಾಟಲ್‌ನಲ್ಲಿ ನಡೆದ ಮೊದಲ ಪ್ಲೇಆಫ್ ಪಂದ್ಯದಲ್ಲಿ, ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದ ಆಟ ಹದಿನೆಂಟಕ್ಕೆ ಹೋಯಿತು. ಏಳನೆಯ ಇನ್ನಿಂಗ್ಸ್‌ನಲ್ಲಿ ಎಲ್ಲರೂ ಎದ್ದುನಿಂತು ಹಾಡುವ ಪದ್ಧತಿಯುಂಟು. ಅಂದು ಹದಿನಾಲ್ಕರಲ್ಲಿ ಮತ್ತೊಮ್ಮೆ ಎದ್ದು ಹಾಡಿದೆವು. 6 ಗಂಟೆ 22 ನಿಮಿಷಗಳ ಆ ಆಟದಲ್ಲಿ ಬಂದದ್ದು ಒಂದೇ ರನ್, ಅದೂ ಎದುರಾಳಿ ಹ್ಯೂಸ್ಟನ್‌ನ ಹೆರೆಮಿ ಪೆನ್ಯಾ ಹೊಡೆದ ಹೋಮ್ ರನ್‌ನಿಂದ, ಎಂದರೆ ನಮ್ಮ ಸಿಕ್ಸರ್‌ನಂತೆ ಮೈದಾನದಾಚೆ ಹೋದ ಹೊಡೆತದಿಂದ. ನಮ್ಮವರು ಹದಿನೆಂಟು ಸಲ ಬ್ಯಾಟಿಂಗಿಗೆ ಬಂದು ಹದಿನೆಂಟು ಸಲವೂ ಸೊನ್ನೆಯೊಂದಿಗೆ ಮರಳಿದರು.

ಅದಕ್ಕೂ ಮೀರಿದ್ದು 2025. ನಮ್ಮ ಕ್ಯಾಲ್ ರಾಲಿ 60 ಹೋಮ್ ರನ್ ಹೊಡೆದ ವರ್ಷ ಅದು. ಟೊರೊಂಟೊ ಎದುರಿನ ಸೆಮಿಫೈನಲ್‌ನಂಥ ಸರಣಿಯಲ್ಲಿ ಅವರ ನೆಲದಲ್ಲೇ ಮೊದಲ ಎರಡು ಪಂದ್ಯ ಗೆದ್ದು, ಏಳನೆಯ ಮತ್ತು ನಿರ್ಣಾಯಕ ಪಂದ್ಯದಲ್ಲಿ 3–1ರಿಂದ ಮುಂದಿದ್ದೆವು. ವರ್ಲ್ಡ್ ಸೀರೀಸ್‌ಗೆ ಬೇಕಿದ್ದದ್ದು ಇನ್ನು ಎಂಟೇ ಔಟ್. ಏಳನೆಯ ಇನ್ನಿಂಗ್ಸ್‌ನಲ್ಲಿ ಇಬ್ಬರು ಎದುರಾಳಿಗಳು ಬೇಸ್‌ಗಳ ಮೇಲಿದ್ದಾಗ ಪಿಚರ್‌ನನ್ನು ಬದಲಿಸಿ ಎಡ್ವರ್ಡ್ ಬಜಾರ್ಡೊನನ್ನು ಕರೆಸಿದರು. ಟೊರೊಂಟೊದ ಜಾರ್ಜ್ ಸ್ಪ್ರಿಂಗರ್ ಎಡಗಡೆಯ ಪ್ರೇಕ್ಷಕರ ನಡುವೆ ಚೆಂಡು ಕಳಿಸಿದ; ಬೇಸ್‌ಗಳ ಮೇಲಿದ್ದ ಇಬ್ಬರೂ ಅವನೂ ಸೇರಿ ಮೂರು ರನ್. ಪಂದ್ಯ ಅವರ ಪರವಾಗಿ 4–3ಕ್ಕೆ ಮುಗಿಯಿತು. ಕೊನೆಯ ಇನ್ನಿಂಗ್ಸ್‌ಗೆಂದು ಇರಿಸಿಕೊಳ್ಳುವ, ತಂಡದ ಅತ್ಯಂತ ನಂಬಿಕಸ್ಥ ಪಿಚರ್ ಆಂಡ್ರೆಸ್ ಮುನ್ಯೋಸ್ ಆ ಹೊತ್ತಿಗಿನ್ನೂ ಮೈದಾನಕ್ಕೆ ಇಳಿದೇ ಇರಲಿಲ್ಲ. ಬಜಾರ್ಡೊ ಆ ವರ್ಷವಿಡೀ ಚೆನ್ನಾಗಿಯೇ ಎಸೆದಿದ್ದ, ಕೊನೆಯ ಪಿಚರ್‌ನನ್ನು ಕೊನೆಗೇ ಉಳಿಸಿಕೊಳ್ಳುವುದು ವಾಡಿಕೆ ಎಂದು ವಾದಿಸುವ ಸ್ನೇಹಿತರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಒಂಬತ್ತನೆಯ ಇನ್ನಿಂಗ್ಸ್ ಬಂದೇ ಬರುತ್ತದೆಂಬ ಭರವಸೆಯಲ್ಲಿ ಏಳರ ಬೆಂಕಿಯನ್ನು ಇನ್ನೊಬ್ಬನ ಕೈಗೆ ಕೊಡಬಾರದಿತ್ತು ಎಂದು ಅಂದೇ ಹೇಳಿದ್ದೆ, ಇಂದೂ ಹೇಳುತ್ತೇನೆ.